ಕಕ್ಕಬ್ಬೆ ಏರಿನಲ್ಲಿ ಮೂರು ಸೈಕಲ್

ಮೂವರ ತಂಡ, ಮೂರು ಸೈಕಲ್. ಗಡಿಯಾರ ನಿಲ್ಲುವುದು ಮೂರನೆಯ ಸೈಕಲ್ ಗೆರೆ ದಾಟಿದಾಗ. ಮೊದಲು ಬಂದವರ ಸಮಯವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಕೊಡಗಿನ ನಾಪೋಕ್ಲು, ಕಕ್ಕಬ್ಬೆ ಕಡೆಯ ತೋಟದ ದಾರಿಗಳಲ್ಲಿ ಸೈಕಲ್ ಗೆಳೆಯರ ಬಳಗವೊಂದು ನಡೆಸಿದ ಮೌಂಟನ್ ಬೈಕ್ ಸವಾಲಿನ ಮುಖ್ಯ ನಿಯಮ ಇದು. ಇನ್ನೊಂದು ನಿಯಮವೂ ಇತ್ತು. ಪ್ರತಿ ಚೆಕ್ ಪಾಯಿಂಟಿನಲ್ಲೂ ಮೊದಲನೆಯವರು ಬಂದ ಎರಡು ನಿಮಿಷದ ಒಳಗೆ ಮೂವರೂ ಹಾಜರಿರಬೇಕು. ದಕ್ಷಿಣ ಆಫ್ರಿಕಾದಲ್ಲಿ 2004ರಲ್ಲಿ ಶುರುವಾದ ಕೇಪ್ ಎಪಿಕ್ ರೇಸಿನಲ್ಲಿ ಇಬ್ಬರ ತಂಡಕ್ಕೆ ಇಂಥದೇ ಎರಡು ನಿಮಿಷದ ನಿಯಮ ಇದೆ. ನಮ್ಮವರು ಅದನ್ನು ತೆಗೆದುಕೊಂಡು ಮೂವರಿಗೆ ಹೊಂದಿಸಿದ್ದರು.

ಓದುವಾಗ ಇದು ಸುಲಭ ಅನ್ನಿಸುತ್ತದೆ. ಒಟ್ಟಿಗೆ ಹೋಗಿ ಒಟ್ಟಿಗೆ ಬಂದರಾಯಿತು, ಅಲ್ವಾ? ಆದರೆ ನಾವು ಸಾಮಾನ್ಯವಾಗಿ ಗುಂಪಿನಲ್ಲಿ ಸೈಕಲ್ ತುಳಿಯುವ ರೀತಿಯೇ ಬೇರೆ. ಬಲ ಇರುವವರು ಏರು ಹತ್ತಿ ಮೇಲೆ ನಿಂತು ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುವ ಹೊತ್ತಿಗೆ ಮುಂದಿನವರಿಗೆ ವಿಶ್ರಾಂತಿ ಮುಗಿದಿರುತ್ತದೆ, ಮತ್ತೆ ಹೊರಡುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಬೇಕೋ ಅವರಿಗೆ ಮಾತ್ರ ಅದು ಸಿಗುವುದಿಲ್ಲ. ವರ್ಷಗಟ್ಟಲೆ ಹೀಗೇ ತುಳಿದಿದ್ದೇವೆ. ಇದರಲ್ಲಿ ತಪ್ಪೇನಿದೆ ಅಂತ ಯಾರೂ ಕೇಳಿರಲಿಲ್ಲ. ಮೂರನೆಯ ಸೈಕಲಿಗೆ ಗಡಿಯಾರ ಕಟ್ಟಿದ ಕೂಡಲೇ ಆ ಪ್ರಶ್ನೆ ಎದ್ದು ನಿಂತಿತು.

ನಮ್ಮ ತಂಡದಲ್ಲಿ ಮಡಿಕೇರಿಯ ನಾನು, ಮೂರ್ನಾಡಿನ ಅಕ್ಕ, ಮೈಸೂರಿನ ಹುಡುಗ. ಅಕ್ಕನ ಮನೆಯವರದ್ದೇ ಕಾಫಿ ತೋಟ ಇದೆ. ಚಿಕ್ಕಂದಿನಿಂದ ಜೀಪು ದಾರಿಯಲ್ಲಿ ಸೈಕಲ್ ಬಿಟ್ಟು ಬೆಳೆದವರು. ಇಳಿಜಾರಿನಲ್ಲಿ ಅವರ ಹಿಂದೆ ಹೋಗುವುದೇ ಒಂದು ಪಾಠ. ಮೈಸೂರಿನ ಹುಡುಗ ಚಾಮುಂಡಿ ಬೆಟ್ಟದ ಡಾಂಬರು ರಸ್ತೆಯಲ್ಲಿ ಪಳಗಿದವನು. ಏರಿನಲ್ಲಿ ಅವನಷ್ಟು ಸಲೀಸಾಗಿ ಹತ್ತುವವರನ್ನು ನಾನು ಕಂಡದ್ದು ಕಡಿಮೆ. ನಾನು ಎರಡರಲ್ಲೂ ನಡುವೆ. ತಂಡಕ್ಕೆ ಇಂಥ ಒಬ್ಬರೂ ಬೇಕು. ಹಿಂದೆ ನೋಡಿ, ಮುಂದೆ ಹೇಳಿ, ನಡುವಿನ ಅಂತರ ಬೆಳೆಯದಂತೆ ನೋಡಿಕೊಳ್ಳುವ ಕೆಲಸಕ್ಕೆ.

ಅಭ್ಯಾಸಕ್ಕೆ ನಾವು ಸೇರುತ್ತಿದ್ದದ್ದು ಕುಶಾಲನಗರದ ಹತ್ತಿರ, ಕಾವೇರಿ ನಿಸರ್ಗಧಾಮದ ಎದುರು. ಹೊಳೆ ಸುತ್ತುವರಿದ 64 ಎಕರೆಯ ಆ ದ್ವೀಪ ಪ್ರವಾಸಿಗರಿಗೆಲ್ಲ ಗೊತ್ತು. ತೂಗುಸೇತುವೆ ದಾಟಿ ಬಿದಿರು ಮೆಳೆಗಳ ನಡುವೆ ಓಡಾಡುತ್ತಾರೆ. ಹುಡುಗ ಮೈಸೂರಿನಿಂದ ಮುಂಜಾನೆ ಬಸ್ಸಿಗೆ ಬಂದು ಇಳಿಯುತ್ತಿದ್ದ. ಅಲ್ಲಿಂದ ಸುಂಟಿಕೊಪ್ಪ, ಬೋಯಿಕೇರಿ ಹಾದು ಮಡಿಕೇರಿಗೆ ಹತ್ತುತ್ತಿದ್ದೆವು. ಸುಮಾರು 30 ಕಿಲೋಮೀಟರಿನ ಆ ಏರಿನಲ್ಲಿ ಕಲಿತದ್ದು ಒಂದೇ ವಿಷಯ. ಏರಿನಲ್ಲಿ ನಿಧಾನ ಇರುವವರೇ ಮುಂದೆ ಇರಬೇಕು. ಅಕ್ಕ ಮುಂದೆ, ನಾನು ನಡುವೆ, ಹುಡುಗ ಕೊನೆಗೆ. ಹುಡುಗನಿಗೆ ಇದು ಮೊದಮೊದಲು ಹಿಂಸೆಯಾಗಿತ್ತು. ಅವನ ಕಾಲು ಕೇಳುವ ವೇಗದಲ್ಲಿ ಅವನು ಹೋಗುವಂತಿಲ್ಲ. ಆದರೆ ಅಕ್ಕ ಮುಂದೆ ಇದ್ದಾಗ ಅವರು ತಮ್ಮದೇ ಲಯದಲ್ಲಿ ತುಳಿಯುತ್ತಿದ್ದರು, ಉಸಿರು ಕಟ್ಟುತ್ತಿರಲಿಲ್ಲ. ಅವರನ್ನು ಹಿಂದೆ ಬಿಟ್ಟಾಗ ಮುಂದಿನ ಚಕ್ರ ಹಿಡಿಯಲು ಆಗಾಗ ಎಳೆದು ತುಳಿದು ಬೇಗ ದಣಿಯುತ್ತಿದ್ದರು. ಮೇಲೆ ತಲುಪಿದ ಸಮಯ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಆಮೇಲೆ ಹುಡುಗ ಮಾತಾಡಲಿಲ್ಲ.

ಇಳಿಜಾರಿಗೆ ಸಾಲು ಉಲ್ಟಾ ಆಗಬೇಕಿತ್ತು ಅಂತ ಅಂದುಕೊಂಡಿದ್ದೆವು. ಆದರೆ ಆಗಲಿಲ್ಲ. ಅಲ್ಲಿಯೂ ಅಕ್ಕನೇ ಮುಂದೆ. ಯಾಕೆಂದರೆ ಇಳಿಜಾರಿನಲ್ಲಿ ಮುಂದೆ ಇರುವವರು ದಾರಿ ಆರಿಸುತ್ತಾರೆ. ಹಿಂದಿನವರು ಅವರ ಚಕ್ರ ಹೋದ ಜಾಗ ನೋಡಿ ಹೋದರೆ ಸಾಕು. ಅಕ್ಕ ಸ್ವಲ್ಪ ಕೈ ಬಿಗಿ ಹಿಡಿದು ಇಳಿಯುತ್ತಿದ್ದರು, ಹುಡುಗ ಧೈರ್ಯವಾಗಿ ಅವರ ಗೆರೆಯಲ್ಲೇ ಬರುತ್ತಿದ್ದ. ತಿರುವಿನಲ್ಲಿ ಹೊರಗಿನ ಕಾಲು ಕೆಳಗೆ, ಭಾರ ಆ ಪೆಡಲಿನ ಮೇಲೆ, ಕಣ್ಣು ತಿರುವಿನ ಆಚೆ ತುದಿಗೆ. ಬ್ರೇಕ್ ತಿರುವಿಗೆ ಮೊದಲೇ ಹಿಡಿಯಬೇಕು, ತಿರುವಿನ ಒಳಗೆ ಅಲ್ಲ. ಅಕ್ಕ ಇದನ್ನು ಬಾಯಲ್ಲಿ ಹೇಳಿಕೊಟ್ಟದ್ದಕ್ಕಿಂತ ಮುಂದೆ ಹೋಗಿ ತೋರಿಸಿದ್ದೇ ಜಾಸ್ತಿ.

ಸವಾಲು ಇಟ್ಟಿದ್ದು ನವೆಂಬರ್ ಮೊದಲ ವಾರದಲ್ಲಿ, ಒಂದು ಭಾನುವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಇಂಥದ್ದನ್ನು ಯೋಚಿಸುವಂತೆಯೇ ಇಲ್ಲ. ಜೋರು ಮಳೆ ಹಿಡಿದರೆ ಭಾಗಮಂಡಲದ ಸಂಗಮ ತುಂಬಿ ನಾಪೋಕ್ಲು ರಸ್ತೆ ಮುಳುಗುತ್ತದೆ. ಮೇಲ್ಸೇತುವೆ ಬರುವ ಮೊದಲು ಊರೇ ದ್ವೀಪ ಆಗುತ್ತಿತ್ತು. ನವೆಂಬರಿನಲ್ಲಿ ಗದ್ದೆಗಳಲ್ಲಿ ಭತ್ತ ಹಣ್ಣಾಗುತ್ತಿರುತ್ತದೆ, ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬರುತ್ತಿರುತ್ತದೆ. ರೋಬಸ್ಟಾ ಹಣ್ಣು ಕೊಯ್ಲಿಗೆ ಇನ್ನೂ ಸಮಯ ಇರುವುದರಿಂದ ತೋಟದ ಒಳದಾರಿಗಳು ಖಾಲಿ ಇರುತ್ತವೆ. ಆದರೆ ನೆರಳಿನ ಮಣ್ಣು ಒಣಗಿರುವುದಿಲ್ಲ. ಸಿಲ್ವರ್ ಓಕ್ ಮತ್ತು ಹಾಲುವಾಣ ಮರಗಳ ಕೆಳಗೆ ಬಿಸಿಲು ನೆಲ ಮುಟ್ಟುವುದೇ ಇಲ್ಲ. ಅದಕ್ಕೇ ಟೈರಿನ ಗಾಳಿ ಕಡಿಮೆ ಮಾಡಿಕೊಂಡೆವು. ಟ್ಯೂಬ್‌ಲೆಸ್ ಟೈರ್, ಮುಂದೆ 22 ಪಿಎಸ್‌ಐ, ಹಿಂದೆ 25. ಬ್ರೇಕ್ ಪ್ಯಾಡ್ ಹೊಸದು, ಲೋಹದ ಪುಡಿಯದ್ದು. ರೆಸಿನ್ ಪ್ಯಾಡ್ ಸದ್ದು ಕಡಿಮೆ ಮಾಡುತ್ತದೆ ನಿಜ, ಆದರೆ ಕೆಸರು ಮರಳು ಸೇರಿದರೆ ಬೇಗ ಸವೆಯುತ್ತದೆ. ಕೊಡಗಿನ ಇಳಿಜಾರಿಗೆ ಸದ್ದು ಮಾಡುವ ಪ್ಯಾಡೇ ವಾಸಿ.

ಬೆಳಿಗ್ಗೆ ನಾಪೋಕ್ಲಿನಲ್ಲಿ ಮಂಜು ಇತ್ತು. ಎದುರಿನ ತಂಡದ ಹಿಂದಿನ ದೀಪ ಮಾತ್ರ ಕಾಣುತ್ತಿತ್ತು. ಮೊದಲ ಭಾಗ ಡಾಂಬರು ಮತ್ತು ಗದ್ದೆ ಬದಿಯ ದಾರಿ. ಎಲ್ಲ ತಂಡಗಳೂ ಇಲ್ಲಿ ಜೋರು ಬಿಟ್ಟವು. ಹುಡುಗನ ಕಾಲು ಕುಣಿಯುತ್ತಿತ್ತು. ಅಕ್ಕ ಒಂದೇ ಮಾತು ಹೇಳಿದರು: "ಇವರೆಲ್ಲ ಕಕ್ಕಬ್ಬೆ ಏರಿನಲ್ಲಿ ಸಿಗ್ತಾರೆ, ಸುಮ್ನೆ ಬಾ."

ಸಿಕ್ಕರು. ಕಕ್ಕಬ್ಬೆ ದಾಟಿ ದಾರಿ ತೋಟದೊಳಗೆ ತಿರುಗಿದ ಮೇಲೆ ಕಾಂಕ್ರೀಟ್ ಹಾಕಿದ ಏರು ಶುರುವಾಯಿತು. ಜೀಪು ಹತ್ತಲಿ ಅಂತ ಮಾಡಿದ ಏರುಗಳಿವು. ಸೈಕಲಿನ ಮೀಟರಿನಲ್ಲಿ ಏರಿನ ಅಂಕಿ ಶೇಕಡ 15 ದಾಟಿ ನಿಂತಿತು. ಕಾಂಕ್ರೀಟಿನ ಮೇಲೆ ಪಾಚಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಕೂತೇ ತುಳಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಸೀಟಿನ ತುದಿಗೆ ಬಂದು, ಎದೆ ಹ್ಯಾಂಡಲಿಗೆ ತಗ್ಗಿಸಿ, ಮೊಣಕೈ ಒಳಗೆ ಎಳೆದುಕೊಂಡು ತುಳಿಯಬೇಕು. ಅಕ್ಕನ ಉಸಿರಿನ ಸದ್ದು ನನಗೆ ಕೇಳಿಸುತ್ತಿತ್ತು. ಎರಡು ಹೆಜ್ಜೆ ತುಳಿತಕ್ಕೆ ಒಂದು ಉಸಿರು. ಅದು ಕೆಡಲಿಲ್ಲ. ನಮ್ಮ ಎಡಕ್ಕೆ ಒಂದು ತಂಡದ ಮೊದಲನೆಯವನು ಏರಿನ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಅವನ ಮೂರನೆಯವನು ಬರಲು ಇನ್ನೂ ಎರಡು ತಿರುವು ಇತ್ತು. ಅವನನ್ನು ದಾಟಿ ನಾವು ಮೂವರೂ ಒಂದೇ ಸಾಲಿನಲ್ಲಿ ಹೋದೆವು. ಯಾರನ್ನೋ ಸೋಲಿಸಿದ ಖುಷಿ ಅಲ್ಲ ಅದು. ನಮ್ಮ ಮೂವರ ನಡುವೆ ಒಂದು ಚಕ್ರದ ಅಂತರ ಹಾಗೇ ಉಳಿದಿತ್ತಲ್ಲ, ಅದರ ಖುಷಿ.

ಮೊದಲ ಚೆಕ್ ಪಾಯಿಂಟ್ ನಾಲ್ಕುನಾಡು ಅರಮನೆಯ ಹತ್ತಿರ, ಯವಕಪಾಡಿಯಲ್ಲಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ. ಹೆಂಚಿನ ಮಾಡು, ಕೆತ್ತನೆಯ ಮರದ ಕಂಬಗಳು, ಹಿಂದೆ ತಡಿಯಂಡಮೋಳ್ ಬೆಟ್ಟ. 1,748 ಮೀಟರ್ ಎತ್ತರದ ಆ ಬೆಟ್ಟವೇ ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ್ದು. 1834ರಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಯತ್ತ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಇಲ್ಲಿಗೆ ಬಂದು ಉಳಿದಿದ್ದ. ಈ ಏರನ್ನು ಸೈಕಲಿನಲ್ಲಿ ಹತ್ತಿದ ಮೇಲೆ, ಇಲ್ಲೇ ಯಾಕೆ ಬಂದ ಅನ್ನುವುದು ನನಗೆ ಕಾಲಿನಿಂದಲೇ ಅರ್ಥವಾಯಿತು. ಕೆಳಗಿನಿಂದ ಬರುವವರು ಎಷ್ಟೇ ಜನ ಇರಲಿ, ದಣಿದೇ ಬರಬೇಕು. ಅಲ್ಲಿ ಕಿತ್ತಳೆ, ಬಾಳೆಹಣ್ಣು, ಉಪ್ಪು ಹಾಕಿದ ಗಂಜಿ ಇಟ್ಟಿದ್ದರು. ಬೆಲ್ಲದ ಕಾಫಿಯೂ ಇತ್ತು. ಗಂಜಿ ಕುಡಿದವರು ಕೊನೆಯವರೆಗೂ ಚೆನ್ನಾಗಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಹುಡುಗ ಕಾಫಿ ಮಾತ್ರ ಕುಡಿದ.

ಅಲ್ಲಿಂದ ಮುಂದೆ ದಾರಿ ಒಂದು ದೇವರಕಾಡಿನ ಅಂಚಿನಲ್ಲಿ ಹೋಗುತ್ತಿತ್ತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನವರು ಅಲ್ಲಿ ಮರ ಕಡಿಯುವುದಿಲ್ಲ. ದಾರಿ ಒಳಗೆ ಹೋಗದಿದ್ದರೂ ಆ ತುಂಡಿನಷ್ಟು ದೂರ ಎಲ್ಲರೂ ಇಳಿದು ಸೈಕಲ್ ತಳ್ಳಬೇಕು, ಚಪ್ಪಾಳೆ ಕೂಗಾಟ ಇರಬಾರದು ಅಂತ ಸಂಘಟಕರು ಮೊದಲೇ ಹೇಳಿದ್ದರು. ಇದು ನನಗೆ ಬಹಳ ಸರಿ ಅನ್ನಿಸಿತು. ತೋಟದ ದಾರಿ, ಗದ್ದೆಯ ಏರಿ, ಹೊಳೆ ಬದಿ, ಎಲ್ಲವೂ ಯಾರದೋ ಮನೆಯ ಅಂಗಳ. ಒಂದೊಂದು ತುಂಡಿಗೂ ಮಾಲೀಕರ ಹತ್ತಿರ ಹೋಗಿ ಕೇಳಿಯೇ ದಾರಿ ಮಾಡಿದ್ದರು. ಗೇಟುಗಳನ್ನು ಹೇಗಿತ್ತೋ ಹಾಗೇ ಮುಚ್ಚಿ ಹೋಗಬೇಕು ಅನ್ನುವುದೂ ನಿಯಮದಲ್ಲಿತ್ತು.

ದೇವರಕಾಡು ದಾಟಿದ ಮೇಲೆ ಒಬ್ಬ ಕಾವಲಿನವರು ಕೈ ಅಡ್ಡ ಹಿಡಿದರು. ದಾರಿಯ ಮಧ್ಯೆ ಆನೆ ಲದ್ದಿ. ಇನ್ನೂ ಹಬೆ ಆಡುತ್ತಿತ್ತು. ಬಾಳೆ ಗಿಡ ಒಂದು ಸೀಳಿ ಬಿದ್ದಿತ್ತು, ತಿರುಳು ಬಿಳಿಯಾಗಿತ್ತು, ಕಪ್ಪಾಗಿರಲಿಲ್ಲ. ನಮ್ಮ ಹಿಂದೆ ಬಂದ ತಂಡಗಳೂ ಒಂದೊಂದಾಗಿ ನಿಂತವು. ಯಾರೂ ಜೋರಾಗಿ ಮಾತಾಡಲಿಲ್ಲ. ಕೆಳಗಿನ ಕೊಲ್ಲಿಯ (ತೊರೆಯ) ಕಡೆ ಬಿದಿರು ಮುರಿಯುವ ಸದ್ದು ಕೇಳಿತು, ಒಮ್ಮೆ, ಮತ್ತೊಮ್ಮೆ, ಇನ್ನೂ ದೂರದಲ್ಲಿ. ಜೀಪು ಬಂದು ಮುಂದಿನ ತಿರುವಿನವರೆಗೆ ನೋಡಿ ವಾಪಸು ಬಂದ ಮೇಲೆಯೇ ಬಿಟ್ಟರು. ಅಷ್ಟು ಹೊತ್ತಿನ ಸಮಯವನ್ನು ಎಲ್ಲ ತಂಡಗಳಿಗೂ ಲೆಕ್ಕದಿಂದ ತೆಗೆದರು. ಈ ಕಡೆ ಸೈಕಲ್ ತುಳಿಯುವವರು ನೆನಪಿಡಬೇಕಾದ್ದು ಇದು. ಸೈಕಲ್ ಸದ್ದಿಲ್ಲದೆ ಬರುತ್ತದೆ. ಜೀಪಿನ ಸದ್ದು ಆನೆಗೆ ದೂರದಿಂದ ತಿಳಿಯುತ್ತದೆ, ಸೈಕಲಿನದ್ದು ತಿಳಿಯುವುದಿಲ್ಲ. ತಿರುವಿನಲ್ಲಿ ಎದುರಾದರೆ ಎರಡೂ ಕಡೆ ಗಾಬರಿ.

ಆಮೇಲಿನ ಇಳಿಜಾರೇ ಇಡೀ ದಿನದ ಚಂದದ ಭಾಗ. ಕೆಂಪು ಮಣ್ಣಿನ ಕಾಲುದಾರಿ, ಎರಡೂ ಕಡೆ ಎದೆಯೆತ್ತರದ ಕಾಫಿ, ಮರಗಳ ಮೇಲೆ ಕರಿಮೆಣಸು ಬಳ್ಳಿ. ಅಕ್ಕ ಮುಂದೆ ಹೋಗುತ್ತಾ ಕೂಗಿ ಹೇಳುತ್ತಿದ್ದರು: "ಬೇರು! ಎಡಕ್ಕೆ! ಕಲ್ಲು!" ನಾನು ಅದನ್ನೇ ಹಿಂದಕ್ಕೆ ಕೂಗುತ್ತಿದ್ದೆ. ಹೀಗೆ ಒಂದೊಂದೇ ಮಾತು ಮೂವರನ್ನು ದಾಟಿ ಹೋಗುತ್ತಿತ್ತು. ಸೈಕಲ್ ನಮ್ಮ ಕೆಳಗೆ ಆಡಲಿ ಅಂತ ಮೊಣಕಾಲು ಸಡಿಲ ಬಿಟ್ಟು, ಹಿಮ್ಮಡಿ ಒತ್ತಿ ಇಳಿಯುವಾಗ ಮೈಯಲ್ಲಿ ಭಯ ಇರುತ್ತದೆ, ಆದರೆ ಅದಕ್ಕಿಂತ ಜಾಸ್ತಿ ಸಂತೋಷ ಇರುತ್ತದೆ. ಆ ಹೊತ್ತಿನಲ್ಲಿ ಬೇರೆ ಯಾವ ಯೋಚನೆಗೂ ಜಾಗ ಇಲ್ಲ.

ಇಳಿಜಾರು ಮುಗಿಯುವ ಮುಂಚೆ ಒಂದು ಸದ್ದು ಕೇಳಿತು. ಒಣ ಕೊಂಬೆ ಮುರಿದ ಸದ್ದು, ಅದರ ಹಿಂದೆಯೇ ಲೋಹ ಉಜ್ಜಿದ ಸದ್ದು. ಅಕ್ಕನ ಹಿಂದಿನ ಚಕ್ರ ನಿಂತೇ ಹೋಯಿತು. ನೆರಳು ಮರ ಸವರಿದಾಗ ಬಿದ್ದ ಹಾಲುವಾಣದ ಕಡ್ಡಿಯೊಂದು ಗೇರ್ ಬದಲಿಸುವ ಡಿರೇಲರಿಗೆ ಸಿಕ್ಕಿ, ಅದನ್ನು ಮಡಚಿ ಚಕ್ರದ ಕಡ್ಡಿಗಳ ಒಳಗೆ ಎಳೆದಿತ್ತು. ಡಿರೇಲರನ್ನು ಸೈಕಲಿಗೆ ಹಿಡಿದಿಡುವ ಹ್ಯಾಂಗರ್ ಮುರಿದಿತ್ತು. ಬದಲಿ ಹ್ಯಾಂಗರ್ ನಮ್ಮ ಹತ್ತಿರ ಇತ್ತು. ಆದರೆ ಡಿರೇಲರೇ ತಿರುಚಿಕೊಂಡಿತ್ತು, ಹ್ಯಾಂಗರ್ ಹಾಕಿ ಏನೂ ಪ್ರಯೋಜನ ಇರಲಿಲ್ಲ. ಒಬ್ಬರೇ ಬಂದಿದ್ದರೆ ಅಲ್ಲಿಗೆ ಮುಗಿಯಿತು. ಸೈಕಲ್ ತಳ್ಳಿಕೊಂಡು ರಸ್ತೆಗೆ ಹೋಗಿ ಜೀಪಿಗೆ ಕಾಯಬೇಕು.

ಅಕ್ಕ ಸೈಕಲ್ ಮಗುಚಿ ಇಟ್ಟು ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಒಂದೇ ಗೇರ್ ಮಾಡೋಣ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಕಾಡಿನ ನಡುವೆ ಉಪಯೋಗಕ್ಕೆ ಬರಬಹುದು. ಡಿರೇಲರ್ ಪೂರ್ತಿ ಕಳಚಬೇಕು. ಚೈನನ್ನು ಚೈನ್ ಟೂಲಿನಿಂದ ತುಂಡು ಮಾಡಿ, ಮುಂದಿನ ಹಲ್ಲುಚಕ್ರಕ್ಕೂ ಹಿಂದಿನ ಒಂದೇ ಒಂದು ಹಲ್ಲುಚಕ್ರಕ್ಕೂ ನೇರವಾಗಿ ಸುತ್ತಿ, ಬಿಗಿಯಾಗಿ ಕೂರುವಷ್ಟಕ್ಕೆ ಕತ್ತರಿಸಿ, ಎರಡು ತುದಿಗಳನ್ನು ಕ್ವಿಕ್ ಲಿಂಕ್ ಅನ್ನುವ ಕೊಂಡಿಯಿಂದ ಜೋಡಿಸಬೇಕು. ಹಿಂದೆ ಸಸ್ಪೆನ್ಶನ್ ಇರುವ ಸೈಕಲಿನಲ್ಲಿ ಇದು ಆಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆದ ಹಾಗೆ ಚೈನಿನ ಉದ್ದ ಬದಲಾಗುತ್ತದೆ. ಅಕ್ಕನದ್ದು ಹಾರ್ಡ್‌ಟೇಲ್, ಹಿಂದೆ ಸಸ್ಪೆನ್ಶನ್ ಇಲ್ಲದ್ದು, ಅದೇ ನಮ್ಮನ್ನು ಉಳಿಸಿತು. ಯಾವ ಹಲ್ಲುಚಕ್ರ ಅನ್ನುವುದು ಮುಖ್ಯ. ಚೈನ್ ನೇರ ಸಾಲಿನಲ್ಲಿ ಇಲ್ಲದಿದ್ದರೆ ತುಳಿದ ಕೂಡಲೇ ಪಕ್ಕದ ದೊಡ್ಡದಕ್ಕೆ ಹಾರುತ್ತದೆ, ಅಲ್ಲಿ ಬಿಗಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಮುಂದೆ 32 ಹಲ್ಲು ಇತ್ತು. ಹಿಂದೆ ನಡುವಿನ 24 ಹಲ್ಲಿನದ್ದು ನೇರ ಸಾಲಿಗೆ ಬಂತು. ಹುಡುಗ ಚೈನ್ ಹಿಡಿದ. ನಾನು ಟೂಲ್ ತಿರುಗಿಸಿದೆ. ಕೈಯೆಲ್ಲ ಕೆಸರು, ಕೆಸರು ಕಡಂಬಿಟ್ಟಿನ (ಅಕ್ಕಿ ಉಂಡೆಯ) ಹಿಟ್ಟಿನ ಹಾಗೆ ಬೆರಳಿಗೆ ಅಂಟುತ್ತಿತ್ತು. ಪಿನ್ ಕಾಣಲು ನೀರಿನ ಬಾಟಲಿ ಸುರಿದು ತೊಳೆಯಬೇಕಾಯಿತು. ಆ ಹೊತ್ತಿಗೆ ಜಿಗಣೆಗಳು ಕಾಲುಚೀಲದ ಒಳಗೆ ಸೇರಿದ್ದವು. ಅವನ್ನು ಕೀಳಲು ಯಾರಿಗೂ ಪುರುಸೊತ್ತು ಇರಲಿಲ್ಲ. ಮೂರು ನಾಲ್ಕು ತಂಡಗಳು ನಮ್ಮನ್ನು ದಾಟಿ ಹೋದವು. ಒಂದು ತಂಡದವರು ನಿಂತು ಕ್ವಿಕ್ ಲಿಂಕ್ ಬೇಕಾ ಅಂತ ಕೇಳಿದರು. ನಮ್ಮ ಹತ್ತಿರ ಇತ್ತು. ಆದರೂ ಕೇಳಿದರಲ್ಲ, ಆ ಮಾತು ನನಗೆ ಇನ್ನೂ ನೆನಪಿದೆ.

ಸೈಕಲ್ ನಡೆಯಿತು. ಆದರೆ ಇನ್ನು ಮುಂದಿನ ಲೆಕ್ಕ ಬೇರೆ. ನಾನು ಅಂದುಕೊಂಡಿದ್ದು, ಒಂದೇ ಗೇರಿನಲ್ಲಿ ಅಕ್ಕನಿಗೆ ಏರು ಕಷ್ಟ, ಉಳಿದದ್ದು ಪರವಾಗಿಲ್ಲ ಅಂತ. ನಿಜಕ್ಕೂ ಆದದ್ದು ಉಲ್ಟಾ. ಕಡಿದಾದ ಏರಿನಲ್ಲಿ ತುಳಿದುಕೊಂಡು ಹೋದರೂ ನಮ್ಮ ವೇಗ ಗಂಟೆಗೆ 6 ಕಿಲೋಮೀಟರ್. ಅಕ್ಕ ಇಳಿದು ತಳ್ಳಿಕೊಂಡು ಬಿರುಸಾಗಿ ನಡೆದರೆ 4. ನಷ್ಟ ಬಹಳ ಇಲ್ಲ. ನಷ್ಟ ಇದ್ದದ್ದು ಸಪಾಟು ದಾರಿಯಲ್ಲಿ. ಆ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ 15 ಕಿಲೋಮೀಟರ್ ದಾಟುವುದಿಲ್ಲ. ಬೇರೆ ತಂಡಗಳು 25ರಲ್ಲಿ ಹೋಗುವ ಜಾಗದಲ್ಲಿ ನಾವು 15ರಲ್ಲಿ.

ಹುಡುಗ ದಾರಿ ಹುಡುಕಿದ. ಸಪಾಟಿನಲ್ಲಿ ಅಕ್ಕನ ಎಡಗಡೆ ಬಂದು, ಬಲಗೈ ಅವರ ಬೆನ್ನಿನ ಕೆಳಗೆ ಇಟ್ಟು, ತಳ್ಳುತ್ತಾ ತುಳಿಯತೊಡಗಿದ. ಅಕ್ಕ ಪೆಡಲ್ ನಿಲ್ಲಿಸಿ ಹ್ಯಾಂಡಲ್ ಮಾತ್ರ ನೇರ ಹಿಡಿದರು. ಅವನು ದಣಿದಾಗ ನಾನು. ಇದು ಹೇಳಿದಷ್ಟು ಸುಲಭ ಅಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಒಬ್ಬ ಮನುಷ್ಯರ ಭಾರ. ಒತ್ತಡ ಒಂದೇ ಸಮ ಇರಬೇಕು, ತಟ್ಟನೆ ದೂಡಿದರೆ ಅವರ ಮುಂದಿನ ಚಕ್ರ ಅಲುಗುತ್ತದೆ. ಅಂಗೈಗೆ ಅವರ ಉಸಿರು ಗೊತ್ತಾಗುತ್ತದೆ, ಮೈ ಬಿಗಿಯಾದದ್ದು ಗೊತ್ತಾಗುತ್ತದೆ. ಗುಂಡಿ ಬಂದಾಗ ಅಕ್ಕ ಬಾಯಿ ಬಿಡುವ ಮೊದಲೇ ನನ್ನ ಕೈಗೆ ಅದು ತಿಳಿಯುತ್ತಿತ್ತು. ಅಷ್ಟು ದಿನ ಜೊತೆಗೆ ತುಳಿದಿದ್ದರೂ ಅವರ ಸವಾರಿ ನನಗೆ ಇಷ್ಟು ಹತ್ತಿರದಿಂದ ಗೊತ್ತಾಗಿರಲಿಲ್ಲ. ಹೀಗೆ ಸರದಿ ಹಾಕಿಕೊಂಡು 20ರ ಹತ್ತಿರ ತಂದೆವು.

ಕಕ್ಕಬ್ಬೆ ಹೊಳೆಗೆ ಸೇರುವ ಒಂದು ಕೊಲ್ಲಿಗೆ ಅಡಿಕೆ ಮರದ ಪಾಲ, ಅಂದರೆ ಕಾಲುಸೇತುವೆ, ಹಾಕಿದ್ದರು. ಸೈಕಲ್ ಹೆಗಲಿಗೆ ಹಾಕಿ ಒಬ್ಬೊಬ್ಬರೇ ದಾಟಿದೆವು. ಅಕ್ಕನ ಸೈಕಲನ್ನು ನಾನು ಹೊತ್ತೆ, ಚೈನ್ ಯಾವುದಕ್ಕೂ ತಾಗದಂತೆ. ಎರಡನೆಯ ಚೆಕ್ ಪಾಯಿಂಟ್ ಚೆಯ್ಯಂಡಾಣೆ ಕಡೆ, ಚೇಲಾವರ ಜಲಪಾತಕ್ಕೆ ಹೋಗುವ ದಾರಿ ಸೇರುವಲ್ಲಿ. ನೀರು ಬೀಳುವ ಸದ್ದು ದೂರದಿಂದಲೇ ಇತ್ತು, ನೋಡಲು ಹೋಗುವ ಹೊತ್ತಿರಲಿಲ್ಲ. ಮೂವರೂ ಒಟ್ಟಿಗೆ ಮುಟ್ಟಿದೆವು. ಅಲ್ಲಿ ಇಬ್ಬರೇ ಬಂದು ಮೂರನೆಯವರಿಗಾಗಿ ಕಾಯುತ್ತಿದ್ದ ತಂಡಗಳು ಇದ್ದವು. ಎರಡು ನಿಮಿಷ ದಾಟಿದರೆ ಒಟ್ಟು ಸಮಯಕ್ಕೆ ದಂಡ ಸೇರುತ್ತಿತ್ತು. ಕಾಯುತ್ತಿದ್ದವರ ಮುಖದಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಿತ್ತು.

ಕೊನೆಯ ಏರಿನಲ್ಲಿ ಹುಡುಗನ ತೊಡೆ ಸೆಟೆದುಕೊಂಡಿತು. ಅಷ್ಟು ದೂರ ಅಕ್ಕನನ್ನು ತಳ್ಳಿದ್ದು ಅವನೇ ಜಾಸ್ತಿ, ಹೊಟ್ಟೆಗೆ ಹೋದದ್ದು ಕಡಿಮೆ. ಸೈಕಲಿನಿಂದ ಇಳಿಯಲೂ ಆಗದೆ ಬೇಲಿ ಹಿಡಿದು ನಿಂತ. ಅಕ್ಕ ಅವನ ಕಾಲು ನೀಡಿ, ಹಿಮ್ಮಡಿ ಹಿಡಿದು ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರು. ನಾನು ಚೀಲದಿಂದ ಹಳೆಯ ಟ್ಯೂಬ್ ತೆಗೆದೆ. ಗುಡ್ಡಗಾಡು ರೇಸುಗಳಲ್ಲಿ ತಂಡಗಳು ಬಳಸುವ ಉಪಾಯ ಇದು. ಟ್ಯೂಬನ್ನು ಕತ್ತರಿಸಿ ಒಂದು ತುದಿ ನನ್ನ ಸೀಟಿನ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯ ಕುಣಿಕೆಯನ್ನು ಅವನ ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ಮಿಗೆ ಹಾಕಬೇಕು. ಹಗ್ಗ ಆದರೆ ತಟ್ಟನೆ ಜಗ್ಗುತ್ತದೆ. ರಬ್ಬರ್ ಹಿಗ್ಗಿ ಎಳೆಯುತ್ತದೆ, ಜಗ್ಗುವುದಿಲ್ಲ. ಅವನು ಒಂದು ಕಾಲಿನಲ್ಲಿ ಮೆಲ್ಲಗೆ ತುಳಿಯುತ್ತಿದ್ದ, ಉಳಿದದ್ದು ನನ್ನ ಪಾಲಿಗೆ. ಅಕ್ಕ ನಮ್ಮ ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ನಡೆದರು. ಬೆಳಿಗ್ಗೆ ಬಲ ಇದ್ದವನು ಈಗ ಮೂರನೆಯವನು. ಬೆಳಿಗ್ಗೆ ಮೂರನೆಯವರಾಗಿದ್ದವರು ಈಗ ನಮ್ಮಿಬ್ಬರಿಗೂ ದಾರಿ ಹೇಳುವವರು. ಅಂಥ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ದಣಿವು ಅಲ್ಲ. ಹುಡುಗನ ಮುಖ ನೋಡಿ ಹೊಟ್ಟೆಯಲ್ಲಿ ಸಂಕಟ. ಅವನಿಗೆ ಎಳೆಸಿಕೊಳ್ಳುವುದು ಅಭ್ಯಾಸ ಇಲ್ಲ. "ಬೆಳಿಗ್ಗೆಯಿಂದ ನೀನು ತಳ್ಳಿದ್ದೆಲ್ಲ ಲೆಕ್ಕದಲ್ಲಿ ಇದೆ ಮಾರಾಯ" ಅಂತ ಅಕ್ಕ ಅಂದಾಗ ಅವನು ನಕ್ಕ, ಕಣ್ಣು ಒರೆಸಿಕೊಂಡ.

ಏರು ಮುಗಿದ ಮೇಲೆ ನಾಪೋಕ್ಲಿನವರೆಗೆ ಇಳಿಜಾರು ಮತ್ತು ಗದ್ದೆ ಬದಿ. ಟ್ಯೂಬ್ ಬಿಚ್ಚಿದೆವು. ಇಳಿಜಾರಿನಲ್ಲಿ ಗೇರು ಬೇಕಿಲ್ಲ, ಅಕ್ಕ ಮತ್ತೆ ಮುಂದೆ. ಮೂವರೂ ಅಕ್ಕಪಕ್ಕ ಗೆರೆ ದಾಟಿದೆವು. ಬರೆದುಕೊಳ್ಳುವವರು ಮೂವರ ನಂಬರನ್ನೂ ಒಂದೇ ಸಮಯದ ಮುಂದೆ ಬರೆದರು. ಪಟ್ಟಿಯಲ್ಲಿ ನಮ್ಮ ಹೆಸರು ನಡುವೆ ಎಲ್ಲೋ ಇತ್ತು. ನಮಗಿಂತ ಮೊದಲು ಬಂದಿದ್ದ ಕೆಲವು ತಂಡಗಳು ದಂಡ ಸೇರಿದ ಮೇಲೆ ನಮ್ಮ ಕೆಳಗೆ ಹೋಗಿದ್ದವು.

ಊಟಕ್ಕೆ ಕಡಂಬಿಟ್ಟು, ಕೊಡಗಿನ ಹುಳಿ ರಸ ಕಾಚಂಪುಳಿ ಹಾಕಿ ಮಾಡಿದ ಪಂದಿಕರಿ (ಹಂದಿ ಮಾಂಸದ ಅಡುಗೆ), ಬೇಡದವರಿಗೆ ಉಪ್ಪಿನಲ್ಲಿಟ್ಟ ಬಿದಿರು ಕಳಲೆಯ ಪಲ್ಯ. ಹುಡುಗ ಸಸ್ಯಾಹಾರಿ, ಕಳಲೆ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡ. ಊಟದ ಜಾಗದಲ್ಲೇ ಒಂದು ಮಾತುಕತೆ ಶುರುವಾಯಿತು. ಬಹುಮಾನದ ಬಗ್ಗೆ ಅಲ್ಲ. ಪ್ರತಿ ತಂಡವೂ ತಮ್ಮಲ್ಲಿ ಯಾರು ಮುಂದೆ ಇದ್ದರು, ಯಾರು ಯಾರನ್ನು ಎಲ್ಲಿ ತಳ್ಳಿದರು, ಎಲ್ಲಿ ಬಿಟ್ಟುಹೋದರು ಅನ್ನುವುದನ್ನೇ ಹೇಳುತ್ತಿದ್ದರು. ಸೋಮವಾರಪೇಟೆ ಕಡೆಯ ಒಂದು ತಂಡ ಅಪ್ಪ, ಮಗಳು, ಅಪ್ಪನ ತಮ್ಮ. ಮಗಳೇ ಇಡೀ ದಾರಿ ಮುಂದೆ ಇದ್ದಳಂತೆ, ನಕ್ಷೆ ಅವಳ ಕೈಯಲ್ಲಿ. ಅಪ್ಪ ಅದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆ ಎದ್ದು ಕಾಣುತ್ತಿತ್ತು.

ಇಂಥದ್ದನ್ನು ಪ್ರಯತ್ನಿಸಬೇಕು ಅನ್ನುವವರಿಗೆ ನನ್ನ ಒತ್ತಾಯ ಇದೆ, ಬನ್ನಿ. ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಜನವರಿ ಹತ್ತಿರ ಬಂದರೆ ರೋಬಸ್ಟಾ ಕೊಯ್ಲು, ತೋಟದ ದಾರಿಯಲ್ಲಿ ಜನ, ಟ್ರ್ಯಾಕ್ಟರ್, ಮೂಟೆ. ಯಾವ ತೋಟಕ್ಕೂ ಕೇಳದೆ ಹೋಗಬೇಡಿ. ಮೊದಲೇ ಹೋಗಿ ಕೇಳಿ, ಬೇಡ ಅಂದರೆ ಬೇರೆ ದಾರಿ ನೋಡಿ. ತಡಿಯಂಡಮೋಳ್ ಮೇಲಿನ ಚಾರಣದ ದಾರಿ ಅರಣ್ಯ ಇಲಾಖೆಯದ್ದು, ಅಲ್ಲಿಗೆ ಸೈಕಲ್ ಒಯ್ಯುವ ಯೋಚನೆ ಬೇಡ. ಆನೆ ಇರುವ ಕಡೆ ಬೆಳಕು ಬರುವ ಮೊದಲು, ಬೆಳಕು ಹೋದ ಮೇಲೆ ತುಳಿಯಬೇಡಿ. ಊರಿನವರು ಇವತ್ತು ಈ ಕಡೆ ಬೇಡ ಅಂದರೆ ಅದೇ ಕೊನೆಯ ಮಾತು. ತಂಡಕ್ಕೆ ಒಂದು ಚೈನ್ ಟೂಲ್, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್, ಪ್ರತಿ ಸೈಕಲಿಗೂ ಅದರದ್ದೇ ಹ್ಯಾಂಗರ್, ಒಂದು ಹಳೆಯ ಟ್ಯೂಬ್, ಒಂದು ಸೀಟಿ. ಗಂಟೆಗೊಮ್ಮೆ ಏನಾದರೂ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ಗಂಜಿ ಕೊಟ್ಟರೆ ಕುಡಿಯಿರಿ.

ಅಕ್ಕ ಹೊಸ ಡಿರೇಲರ್ ಹಾಕಿಸಿದ್ದಾರೆ. ಹುಡುಗ ಈಗ ಮೈಸೂರಿನಿಂದ ಬರುವಾಗ ಚೀಲದಲ್ಲಿ ಊಟದ ಡಬ್ಬಿ ತರುತ್ತಾನೆ. ಈ ವಾರ ಗಾಳಿಬೀಡು ಕಡೆ ಹೋಗುತ್ತಿದ್ದೇವೆ. ಏರಿನಲ್ಲಿ ಯಾರು ಮುಂದೆ ಅನ್ನುವುದನ್ನು ಅಲ್ಲಿಗೆ ಹೋಗಿ ನೋಡಿಕೊಂಡು ಮಾಡುತ್ತೇವೆ.